ಕಡಲಂಚಿನ ಹಿಮಬೆಟ್ಟವೂ ನಮ್ಮ ಮರಕ್ಕಡವೂ

ಮಕ್ಕಳಿಗೆ ಭೂಗೋಳವನ್ನು ಕಲಿಸುವವರಿಗೆ ಎದುರಾಗುವ ಮೊದಲನೆಯ ತೊಡಕೆಂದರೆ ದೂರ. ನಕಾಶೆಯ ಮೇಲೆ ಗೇಣುದ್ದ ಕಾಣುವ ಜಾಗವನ್ನು ಮನಸ್ಸಿನಲ್ಲಿ ಸಾವಿರಾರು ಮೈಲಿಗಳಾಗಿ ಹಿಗ್ಗಿಸಿಕೊಳ್ಳುವುದು ದೊಡ್ಡವರಿಗೇ ಸುಲಭವಲ್ಲ. ಇನ್ನು ಒಂಬತ್ತು ಹತ್ತು ವರ್ಷದ ಮಕ್ಕಳ ಪಾಡೇನು? ಮೂವತ್ತು ವರ್ಷಗಳ ಹಿಂದೆ ನಾವು ಶಿಕ್ಷಕ ತರಬೇತಿ ಪಡೆಯುತ್ತಿದ್ದಾಗ ನಮ್ಮ ಗುರುಗಳು ಒಂದು ಸೂತ್ರವನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ತಿಳಿದುದರಿಂದ ತಿಳಿಯದುದರ ಕಡೆಗೆ ಮಗುವನ್ನು ನಡೆಸಬೇಕು. ಆ ಸೂತ್ರ ಹಿಂದಿನಿಂದ ಮುಂದಕ್ಕೆ ಮಾತ್ರವಲ್ಲ, ಮುಂದಿನಿಂದ ಹಿಂದಕ್ಕೂ ನಡೆಯುತ್ತದೆಂಬುದು, ಅಂದರೆ ದೂರದ್ದನ್ನು ಕಂಡ ಮೇಲೆ ಮನೆಯಂಗಳವೂ ಹೊಸದಾಗಿ ತಿಳಿಯುತ್ತದೆಂಬುದು, ನಮಗೆ ಚೆನ್ನಾಗಿ ಮನವರಿಕೆಯಾದದ್ದು ೨೦೨೫ರ ಮಳೆಗಾಲದಲ್ಲಿ.

ನಮ್ಮ ಊರನ್ನು ಕಾಣದ ಓದುಗರಿಗಾಗಿ ಎರಡು ಮಾತು. ಮರಕ್ಕಡವು ವಯನಾಡು ಜಿಲ್ಲೆಯ ಮುಳ್ಳಂಕೊಲ್ಲಿ ಪಂಚಾಯತಿಗೆ ಸೇರಿದ, ಕಬಿನಿ ಹೊಳೆಯ ದಂಡೆಯ ಹಳ್ಳಿ. ಈ ದಡ ಕೇರಳ. ಆ ದಡ ಹೆಗ್ಗಡದೇವನಕೋಟೆ ತಾಲೂಕಿನ ಬೈರಕುಪ್ಪೆ, ಕರ್ನಾಟಕ. ನಡುವೆ ದೋಣಿಯ ಹಾದಿ. ಶಾಲೆಯಲ್ಲಿ ಮಲಯಾಳ ಓದಿ ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಇಲ್ಲಿ ಇಂದಿಗೂ ಇದ್ದಾರೆ. ಅಂಥ ಕೆಲವು ಮಕ್ಕಳನ್ನು ಶನಿವಾರ ಮಧ್ಯಾಹ್ನ ಕೂರಿಸಿಕೊಂಡು ಕನ್ನಡದ ಅಕ್ಷರವನ್ನೂ ಜೊತೆಗೆ ಲೋಕದ ನಾಲ್ಕು ಸಂಗತಿಗಳನ್ನೂ ಹೇಳುವುದು ನಮ್ಮ ಹಳೆಯ ಪದ್ಧತಿ.

ಶಾಲೆಯ ಗೋಡೆಯಲ್ಲಿ ಯಾರೋ ಕೊಟ್ಟ ಹಳೆಯ ಕ್ಯಾಲೆಂಡರಿನ ಚಿತ್ರವೊಂದಿದೆ. ಮುಂದೆ ನೀಲಿಯ ಕಡಲು, ಅದರ ಬೆನ್ನಿಗೇ ಮೋಡ ಮುಟ್ಟುವ ಬಿಳಿಯ ಬೆಟ್ಟ. ಅಮೆರಿಕದ ಅಲಾಸ್ಕಾ ಪ್ರಾಂತ್ಯದ ಫೇರ್‌ವೆದರ್ ಪರ್ವತವೆಂದು ಕೆಳಗೆ ಬರೆದಿದೆ. ಒಂದು ಶನಿವಾರ ನಾಲ್ಕನೆಯ ತರಗತಿಯ ಹುಡುಗನೊಬ್ಬ ಅದನ್ನು ದಿಟ್ಟಿಸಿ ನೋಡಿ ಕೇಳಿದ: "ಮೇಷ್ಟ್ರೇ, ಕಲ್ಲಿಕೋಟೆಯ ಕಡಲು ನೋಡೋಕೆ ಹೋದಾಗ ಮೈಯೆಲ್ಲ ಬೆವರಿಳಿದಿತ್ತು. ಕಡಲ ಹತ್ತಿರ ಸೆಕೆ ಅಲ್ವಾ? ಅಲ್ಲಿ ಹಿಮ ಹೇಗೆ ಬಂತು?"

ಪ್ರಶ್ನೆ ಚಿಕ್ಕದು, ಆದರೆ ಅದರೊಳಗೆ ಹವೆಯ ಶಾಸ್ತ್ರದ ಅರ್ಧ ಭಾಗ ಅಡಗಿದೆ. ಉತ್ತರ ಹೇಳಲು ನಮಗೆ ನಾಲ್ಕು ಶನಿವಾರಗಳು ಬೇಕಾದವು.

ಮೊದಲನೆಯ ವಾರ ಸೂರ್ಯನ ಪಾಠ. ಒಂದು ಕೈದೀಪವನ್ನು ಸ್ಲೇಟಿನ ಮೇಲೆ ನೇರವಾಗಿ ಹಿಡಿದೆವು. ಬೆಳಕು ಚಿಕ್ಕ ದುಂಡಾಗಿ, ಪ್ರಖರವಾಗಿ ಬಿತ್ತು. ಓರೆಯಾಗಿ ಹಿಡಿದೆವು, ಅದೇ ಬೆಳಕು ಉದ್ದಕ್ಕೆ ಹರಡಿ ಮಂಕಾಯಿತು. ಬಿಸಿಲಿನ ಕಥೆಯೂ ಇಷ್ಟೇ. ನಮ್ಮ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ ೧೨ ಡಿಗ್ರಿಗೂ ಒಳಗಿದೆ; ಆ ಬೆಟ್ಟ ೫೯ ಡಿಗ್ರಿಯ ಹತ್ತಿರವಿದೆ. ಡಿಸೆಂಬರ್ ೨೧ರ ಸುಮಾರಿಗೆ, ಅಂದರೆ ನಮ್ಮ ಅತಿ ಚಿಕ್ಕ ಹಗಲಿನಲ್ಲಿ, ನಡುಮಧ್ಯಾಹ್ನದ ಸೂರ್ಯ ನಮಗೆ ದಿಗಂತದಿಂದ ಸುಮಾರು ೫೫ ಡಿಗ್ರಿ ಎತ್ತರದಲ್ಲಿ ಕಾಣುತ್ತಾನೆ. ಆ ಬೆಟ್ಟದ ಬುಡದಲ್ಲಿ ನಿಂತವರಿಗೆ ಅಷ್ಟೇ ಎತ್ತರದ ಸೂರ್ಯ ದೊರೆಯುವುದು ಜೂನ್ ೨೧ರಂದು, ಅವರ ಅತಿ ದೊಡ್ಡ ಹಗಲಿನಲ್ಲಿ! ನಮ್ಮ ಮಾಗಿಯ ಬಿಸಿಲು ಅವರ ನಡುಬೇಸಗೆಯ ಬಿಸಿಲು ಎಂದಾಯಿತು. ಡಿಸೆಂಬರಿನಲ್ಲಿ ಅವರ ಸೂರ್ಯ ಎಂಟು ಡಿಗ್ರಿಯಷ್ಟೂ ಏರದೆ, ಬೇಲಿಯ ಮೇಲಿಂದ ಇಣುಕಿದವನಂತೆ ಇಣುಕಿ ಇಳಿದುಬಿಡುತ್ತಾನೆ.

ವರ್ಷದಲ್ಲಿ ಒಂದರಿಂದ ಮೂರು ತಿಂಗಳು ಮಾತ್ರ ಸರಾಸರಿ ಉಷ್ಣತೆ ೧೦ ಡಿಗ್ರಿಯನ್ನು ದಾಟಿ, ಉಳಿದ ಕಾಲವೆಲ್ಲ ಚಳಿಯಾಗಿರುವ ಇಂಥ ನಾಡಿನ ಹವೆಯನ್ನು ಉಪಧ್ರುವೀಯ ವಾಯುಗುಣವೆನ್ನುತ್ತಾರೆ. ಭೂಮಿಯ ಹವೆಗಳನ್ನು ಹೀಗೆ ಲೆಕ್ಕವಿಟ್ಟು ವಿಂಗಡಿಸಿದವನು ವ್ಲಾಡಿಮಿರ್ ಕ್ಯೋಪೆನ್ ಎಂಬ ವಿದ್ವಾಂಸ. ಹೆಸರು ಮರೆತರೂ ಚಿಂತೆಯಿಲ್ಲ, ಓರೆಯ ಬಿಸಿಲನ್ನು ಮರೆಯಬೇಡಿ ಎಂದು ಮಕ್ಕಳಿಗೆ ಹೇಳಿದೆವು.

ಎರಡನೆಯ ವಾರ ಎತ್ತರದ ಪಾಠ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟು ಬೆರಳೊಡ್ಡಿದರೆ ತಣ್ಣಗಾಗುತ್ತದೆ. ಒತ್ತಿಕೊಂಡಿದ್ದ ಗಾಳಿ ಹೊರಬಂದು ಹಿಗ್ಗಿದಾಗ ತಣಿಯುತ್ತದೆ. ನೆಲದ ಮಟ್ಟದಲ್ಲಿ ಗಾಳಿಯ ಮೇಲೆ ಗಾಳಿಯ ಭಾರವಿದೆ. ಮೇಲೇರಿದಂತೆಲ್ಲ ಆ ಭಾರ ಕಡಿಮೆ. ಗಾಳಿ ಹಿಗ್ಗುತ್ತದೆ, ತಣಿಯುತ್ತದೆ. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆಂದು ಲೆಕ್ಕ. ಕಲ್ಲಿಕೋಟೆಯ ಕಡಲ ದಂಡೆಯಲ್ಲಿ ೨೮ ಡಿಗ್ರಿ ಇದ್ದರೆ, ೨,೧೦೦ ಮೀಟರ್ ಎತ್ತರದ ಚೆಂಬ್ರ ಬೆಟ್ಟದ ತುದಿಯಲ್ಲಿ ಎಷ್ಟು? ಮಕ್ಕಳು ಸ್ಲೇಟಿನಲ್ಲಿ ಗುಣಿಸಿ ಕಳೆದು ಸುಮಾರು ೧೪ ಎಂದರು. ಫೇರ್‌ವೆದರ್ ಪರ್ವತದ ಎತ್ತರ ೪,೬೭೧ ಮೀಟರ್. ಅದರ ಕೆಳಗಿನ ಕಡಲ ದಂಡೆಯಲ್ಲಿ ೧೦ ಡಿಗ್ರಿ ಇದ್ದರೆ ತುದಿಯಲ್ಲಿ? ಇಲ್ಲಿ ಮಕ್ಕಳು ತಬ್ಬಿಬ್ಬಾದರು. ಹತ್ತರಿಂದ ಮೂವತ್ತನ್ನು ಕಳೆಯುವುದು ಹೇಗೆ? ಸೊನ್ನೆಯ ಕೆಳಗೂ ಅಂಕಿಗಳಿವೆಯೆಂಬುದನ್ನು ಅವರು ಗಣಿತದ ಪುಸ್ತಕದಿಂದಲ್ಲ, ಆ ಬೆಟ್ಟದಿಂದ ಕಲಿತರು. ಉತ್ತರ ಸೊನ್ನೆಗಿಂತ ಇಪ್ಪತ್ತು ಕೆಳಗೆ.

ಮಾತಿನ ತೊಡಕೊಂದು ಇಲ್ಲಿಯೇ ಎದುರಾಯಿತು. ನಮ್ಮ ಮಕ್ಕಳಿಗೆ ಮಂಜು ಎಂಬ ಒಂದೇ ಮಾತು. ಧನುರ್ಮಾಸದ ಬೆಳಗ್ಗೆ ಹೊಳೆಯ ಮೇಲೆ ಏಳುವುದೂ ಮಂಜು, ಹುಲ್ಲಿನ ತುದಿಯಲ್ಲಿ ಹೊಳೆಯುವುದೂ ಮಂಜು, ಚಿತ್ರದ ಬೆಟ್ಟದ ಬಿಳುಪೂ ಮಂಜು. ಮಲಯಾಳದಲ್ಲಿಯೂ ಇದೇ ಮಾತು ಎಲ್ಲಕ್ಕೂ ಸಲ್ಲುತ್ತದೆ. ಆದರೆ ಕನ್ನಡ ಇದರಲ್ಲಿ ಬಡಭಾಷೆಯಲ್ಲ. ಹುಲ್ಲಿನ ಮೇಲಿನ ಹನಿ ಇಬ್ಬನಿ. ಎದುರಿನ ಮನುಷ್ಯ ಕಾಣದಂತೆ ಕವಿಯುವುದು ಕಾವಳ. ಬೇಸಗೆಯ ಗುಡುಗುಮಳೆಯೊಂದಿಗೆ ಹೆಂಚಿನ ಮೇಲೆ ಸಿಡಿಯುವುದು ಆಲಿಕಲ್ಲು. ಮೋಡದೊಳಗಿನ ನೀರಾವಿ ನೀರಾಗದೆಯೇ ಆರು ಮೂಲೆಯ ಹರಳಾಗಿ, ಹತ್ತಿಯಂತೆ ಹಗುರಾಗಿ ಇಳಿಯುವುದು ಹಿಮ. ಈ ನಾಲ್ಕು ಮಾತುಗಳನ್ನು ಹಲಗೆಯ ಮೇಲೆ ಬರೆದು ಓದಿಸಿದೆವು. ಮಾತು ಬೇರೆಯಾದಾಗ ವಸ್ತುವೂ ಬೇರೆಯಾಗಿ ಕಾಣುತ್ತದೆ. ಗಡಿಯಾಚೆ ನೆಲಸಿದ ಮನೆಗಳಲ್ಲಿ ಮೊದಲು ಸವೆದುಹೋಗುವುದು ಇಂಥ ಮಾತುಗಳೇ ಎಂಬುದನ್ನು ತಂದೆತಾಯಿಯರು ಗಮನಿಸಬೇಕು.

ಮೂರನೆಯ ವಾರಕ್ಕೆ ಗಾಳಿಯ ಪಾಠವಿತ್ತು. ಅದಕ್ಕೆ ಮೊದಲು ಒಂದು ಸಂಗತಿಯನ್ನು ಹೇಳಬೇಕು.

ಆ ಮಕ್ಕಳಲ್ಲಿ ಮೇಪ್ಪಾಡಿಯ ಕಡೆಯ ಚಹಾತೋಟದಿಂದ ಬಂದು, ನಮ್ಮ ಊರಿನ ಅಜ್ಜಿಯ ಮನೆಯಲ್ಲಿ ಇರುವ ಹುಡುಗಿಯೊಬ್ಬಳಿದ್ದಳು. ೨೦೨೪ರ ಜುಲೈ ೩೦ರ ನಸುಕಿನಲ್ಲಿ ಮುಂಡಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟ ಕುಸಿದು ಇನ್ನೂರಕ್ಕೂ ಮಿಕ್ಕಿದ ಜನ ಮಡಿದುದನ್ನು ಓದುಗರು ಮರೆತಿರಲಾರರು. ಹುಡುಗಿಯ ಮನೆಯವರು ಬದುಕಿದರು. ಆಡಿ ಬೆಳೆದ ಸಾಲುಮನೆಗಳು ಉಳಿಯಲಿಲ್ಲ, ಜೊತೆಯಲ್ಲಿ ಓದುತ್ತಿದ್ದ ಕೆಲವರೂ ಉಳಿಯಲಿಲ್ಲ. ಮಳೆಯ ಸದ್ದು ಜೋರಾದರೆ ಅವಳು ಪುಸ್ತಕ ಮುಚ್ಚಿ ಕಿಟಕಿಯ ಬಾಗಿಲು ಹಾಕಿ ಬರುತ್ತಿದ್ದಳು. ಯಾರೂ ಏನೂ ಅನ್ನುತ್ತಿರಲಿಲ್ಲ.

ಅವಳ ಅಜ್ಜಿ ಒಂದು ಸಂಜೆ ನಮ್ಮಲ್ಲಿಗೆ ಬಂದರು. "ಮೇಷ್ಟ್ರೇ, ಆ ಮಗೀಗೆ ಬೆಟ್ಟದ ಪಾಠ ಬ್ಯಾಡ. ಬೇರೆ ಏನಾದ್ರೂ ಕಲಿಸಿ. ರಾತ್ರಿ ಎದ್ದು ಕೂತ್ಕೊಳ್ತದೆ" ಎಂದರು.

ನಾವು ಒಡನೆ ಉತ್ತರ ಹೇಳಲಿಲ್ಲ. ಅಜ್ಜಿಯ ಮಾತಿನಲ್ಲಿ ನ್ಯಾಯವಿತ್ತು. ಆದರೆ ವಯನಾಡಿನಲ್ಲಿ ಹುಟ್ಟಿದ ಮಗು ಬೆಟ್ಟವನ್ನೂ ಮಳೆಯನ್ನೂ ಬಿಟ್ಟು ಎಲ್ಲಿಗೆ ಹೋದೀತು? ಹೆದರಿಕೆ ಹೋಗದಿರಬಹುದು, ಆದರೆ ಹೆಸರಿಲ್ಲದ ಹೆದರಿಕೆಗಿಂತ ಹೆಸರಿರುವ ಹೆದರಿಕೆ ಹೊರಲು ಹಗುರ. "ಅಮ್ಮಾ, ಅವಳನ್ನು ಬಲವಂತವಾಗಿ ಕೂರಿಸುವುದಿಲ್ಲ. ಅವಳಿಗೆ ಬೇಕೆನಿಸಿದರೆ ಬರಲಿ, ಬೇಡವೆನಿಸಿದರೆ ಎದ್ದು ಹೋಗಲಿ" ಎಂದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಜೊತೇಲಿರಿ" ಎಂದು ಹೇಳಿ ಹೋದರು. ಹುಡುಗಿ ಶನಿವಾರ ಬಂದಳು. ಬಾಗಿಲ ಬಳಿ ಕುಳಿತಳು.

ಅಡುಗೆಮನೆಯಲ್ಲಿ ಅನ್ನ ಕುದಿಯುವಾಗ ತಟ್ಟೆ ಮುಚ್ಚಿದರೆ ಅದರ ಅಡಿಯಲ್ಲಿ ಹನಿ ಕಟ್ಟುತ್ತದೆ. ತಣ್ಣನೆಯ ತಟ್ಟೆಗೆ ತಗುಲಿದ ಆವಿ ನೀರಾಗುತ್ತದೆ. ಕಡಲ ಮೇಲಿನ ಗಾಳಿಯಲ್ಲಿ ಹೀಗೆಯೇ ಆವಿ ತುಂಬಿರುತ್ತದೆ. ನಮ್ಮ ಕಡೆ ಜೂನ್ ತಿಂಗಳಲ್ಲಿ ಮುಂಗಾರು ಗಾಳಿ ಅರಬ್ಬೀ ಸಮುದ್ರದ ಆವಿಯನ್ನು ಹೊತ್ತು ಬರುತ್ತದೆ. ಎದುರಿಗೆ ಸಹ್ಯಾದ್ರಿ ಗೋಡೆಯಂತೆ ನಿಂತಿದೆ. ಗಾಳಿಗೆ ಏರದೆ ಗತಿಯಿಲ್ಲ. ಏರಿದರೆ ತಣಿಯದೆ ಗತಿಯಿಲ್ಲ. ತಣಿದರೆ ನೀರನ್ನು ಇಳಿಸದೆ ಗತಿಯಿಲ್ಲ. ಆದ್ದರಿಂದಲೇ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಹತ್ತಿದ ಕೂಡಲೇ ಸಿಕ್ಕುವ ಲಕ್ಕಿಡಿಯಲ್ಲಿ ಆ ಪರಿಯ ಮಳೆ. ಕರ್ನಾಟಕದ ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದೂ ಇದೇ ಕಾರಣದಿಂದ.

ಅಲಾಸ್ಕಾದಲ್ಲಿಯೂ ನಿಯಮ ಇದೇ. ಅಲ್ಲಿ ಪೆಸಿಫಿಕ್ ಸಾಗರದ ಕೊಲ್ಲಿಯಿಂದ ಬಿರುಗಾಳಿಗಳು ಒಂದರ ಬೆನ್ನಿಗೊಂದು ಬಂದು ಬೆಟ್ಟಕ್ಕೆ ಅಪ್ಪಳಿಸುತ್ತವೆ. ಫೇರ್‌ವೆದರ್ ಪರ್ವತ ಕಡಲಿಗೆ ಸುಮಾರು ಇಪ್ಪತ್ತೇ ಕಿಲೋಮೀಟರ್ ದೂರದಲ್ಲಿದೆ. ಅಷ್ಟು ಕಿರಿದಾದ ಹಾದಿಯಲ್ಲಿ ಗಾಳಿ ನಾಲ್ಕೂವರೆ ಕಿಲೋಮೀಟರ್ ಏರಬೇಕು. ಇಳಿಸುವ ನೀರೆಲ್ಲ ಬುಡದಲ್ಲಿ ಮಳೆ, ಮೇಲೆ ಹಿಮ. ಆ ಕರಾವಳಿಯ ಯಾಕುಟಾಟ್ ಎಂಬ ಊರಿಗೆ ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಹೆಚ್ಚು ನೀರು ಬೀಳುತ್ತದೆ. ಕಡಲ ಸಾಮೀಪ್ಯ ಸೆಕೆಯನ್ನೇ ತರಬೇಕೆಂದಿಲ್ಲ. ಅದು ತರುವುದು ಆವಿಯನ್ನು. ಆ ಆವಿ ಮಳೆಯೋ ಹಿಮವೋ ಎಂಬುದನ್ನು ಓರೆಯ ಬಿಸಿಲೂ ಎತ್ತರವೂ ಸೇರಿ ತೀರ್ಮಾನಿಸುತ್ತವೆ. ಹುಡುಗನ ಪ್ರಶ್ನೆಗೆ ಅಲ್ಲಿಗೆ ಉತ್ತರವಾಯಿತು.

ಮಕ್ಕಳಿಗೆ ಆ ಬೆಟ್ಟದ ಹೆಸರು ನಗು ತರಿಸಿತು. ಫೇರ್‌ವೆದರ್ ಎಂದರೆ ಒಳ್ಳೆಯ ಹವೆ. ೧೭೭೮ರ ಮೇ ತಿಂಗಳಲ್ಲಿ ಕಡಲಯಾನಿಯಾದ ಜೇಮ್ಸ್ ಕುಕ್ ಆ ಹಾದಿಯಲ್ಲಿ ಹೋದಾಗ ಅಪರೂಪಕ್ಕೆ ಆಕಾಶ ತಿಳಿಯಾಗಿತ್ತಂತೆ. ಹಾಗಾಗಿ ಆ ಹೆಸರಿಟ್ಟ. ಒಂದು ದಿನದ ಅತಿಥಿ ಇಟ್ಟ ಹೆಸರು ಅದು. ಅಲ್ಲಿಯೇ ಬಾಳಿಬಂದ ಟ್ಲಿಂಗಿಟ್ ಜನ ಆ ಬೆಟ್ಟವನ್ನು ತ್ಸಲ್‌ಖಾನ್ ಎನ್ನುತ್ತಾರೆ. ಉತ್ತರದ ಇನ್ನೊಂದು ಹಿರಿಯ ಬೆಟ್ಟವೂ ಇದೂ ಒಂದು ಕಾಲದಲ್ಲಿ ಅಕ್ಕಪಕ್ಕದಲ್ಲಿದ್ದು, ಜಗಳವಾಡಿ ದೂರವಾದವೆಂದೂ ನಡುವಿನ ಸಣ್ಣ ಬೆಟ್ಟಗಳು ಇದರ ಮಕ್ಕಳೆಂದೂ ಅವರ ಕಥೆ. ಬಾಣಾಸುರನ ಹೆಸರಿನ ಬೆಟ್ಟವನ್ನೂ ಪುಲ್ಪಳ್ಳಿಯ ಸೀತೆಯ ಕಥೆಯನ್ನೂ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಅದು ಅನ್ಯವೆನಿಸಲಿಲ್ಲ.

ಇನ್ನೊಂದು ಸಂಗತಿ ಅವರನ್ನು ಬೆರಗುಗೊಳಿಸಿತು. ಆ ಬೆಟ್ಟದ ತುದಿಯ ಮೇಲೆಯೇ ಅಮೆರಿಕ, ಕೆನಡಾ ದೇಶಗಳ ಗಡಿ ಹಾದುಹೋಗುತ್ತದೆ. "ಹಾಗಾದ್ರೆ ಅದೂ ನಮ್ಮ ಹೊಳೆ ಹಾಗೇನಾ ಮೇಷ್ಟ್ರೇ?" ಎಂದಳೊಬ್ಬಳು. ಹೌದೆಂದೆವು. ಗಾಳಿ ಗುರುತಿನ ಚೀಟಿ ಕೇಳುವುದಿಲ್ಲ. ಆದರೆ ಬೆಟ್ಟ ಮಾತ್ರ ತನ್ನದೇ ಗಡಿಯನ್ನು ಎಳೆಯುತ್ತದೆ. ಅದು ಮಳೆಯ ಗಡಿ. ತುದಿಯನ್ನು ದಾಟಿ ಇಳಿಯುವ ಗಾಳಿ ಮತ್ತೆ ಬೆಚ್ಚಗಾಗುತ್ತದೆ, ಮೋಡ ಕರಗುತ್ತದೆ. ಅಲಾಸ್ಕಾದ ಬೆಟ್ಟಗಳ ಆಚೆ, ಕೆನಡಾದ ಒಳನಾಡಿನ ವೈಟ್‌ಹಾರ್ಸ್ ಪಟ್ಟಣಕ್ಕೆ ವರ್ಷವಿಡೀ ದೊರೆಯುವುದು ೩೦೦ ಮಿಲಿಮೀಟರಿಗೂ ಕಡಿಮೆ. ಆಗುಂಬೆಯನ್ನು ನೆನೆಯಿಸಿದ ಅದೇ ಗಾಳಿ ಚಳ್ಳಕೆರೆಗೆ ತಲುಪುವಾಗ ಬರಿಗೈಯಾಗಿರುತ್ತದೆ.

ಆಗ ಹಿಂದಿನ ಸಾಲಿನ ಹುಡುಗನೊಬ್ಬ, "ನಾವು ಬೆಟ್ಟದ ಯಾವ ಕಡೆ?" ಎಂದ.

ಇದೇ ನಮ್ಮ ಊರಿನ ನಿಜವಾದ ಪ್ರಶ್ನೆ. ನಾವು ಬೆಟ್ಟದ ಬೆನ್ನ ಕಡೆಯವರು. ಲಕ್ಕಿಡಿಗೆ ಬೀಳುವ ಮಳೆಯ ಅರ್ಧದಷ್ಟೂ ಮುಳ್ಳಂಕೊಲ್ಲಿ, ಪುಲ್ಪಳ್ಳಿಗಳಿಗೆ ಬೀಳುವುದಿಲ್ಲ. ಜಿಲ್ಲೆ ಒಂದೇ, ಪತ್ರಿಕೆಯಲ್ಲಿ ಬರುವ ಮಳೆಯ ಸುದ್ದಿ ಒಂದೇ. ಆಕಾಶ ಮಾತ್ರ ಎರಡು. ೨೦೨೪ರ ಬೇಸಗೆಯಲ್ಲಿ ಕಬಿನಿ ನಮ್ಮ ಊರಿನಲ್ಲಿ ಬಂಡೆಗಳ ನಡುವಿನ ಸಣ್ಣ ತೊರೆಯಾಗಿತ್ತು. ಬಾವಿಗಳು ತಳ ಕಂಡಿದ್ದವು. ಮೆಣಸಿನ ಬಳ್ಳಿಗಳು ಮರಕ್ಕೆ ಅಂಟಿಕೊಂಡಂತೆಯೇ ಒಣಗಿದ್ದವು. ಪ್ರಶ್ನೆ ಕೇಳಿದ ಹುಡುಗನ ತಂದೆ ಅದೇ ವರ್ಷ ತೋಟ ಬಿಟ್ಟು ಶುಂಠಿಯ ಕೆಲಸಕ್ಕೆ ಹೊಳೆಯಾಚೆಗೆ ಹೋದವರು. ನಾಲ್ಕು ತಿಂಗಳೂ ಕಳೆಯುವ ಮುನ್ನ, ಅದೇ ಜಿಲ್ಲೆಯ ಮೇಪ್ಪಾಡಿಯ ಕಡೆ ಎರಡು ದಿನಗಳಲ್ಲಿ ೫೦೦ ಮಿಲಿಮೀಟರಿಗೂ ಮಿಕ್ಕಿದ ಮಳೆ ಬಿದ್ದು ಬೆಟ್ಟ ಇಳಿಯಿತು. ನೀರಿಲ್ಲದೆ ಬಾಡಿದ ಊರೂ ನೀರಿನಿಂದ ಅಳಿದ ಊರೂ ಒಂದೇ ಬೆಟ್ಟಸಾಲಿನ ಎರಡು ಮಗ್ಗುಲುಗಳು.

ಬಾಗಿಲ ಬಳಿಯ ಹುಡುಗಿ ಆಗ ಮೊದಲ ಬಾರಿಗೆ ಬಾಯಿಬಿಟ್ಟಳು. "ಆ ನೀರು ಈ ಹೊಳೆಗೆ ಬರ್ತದಾ?"

ನಕಾಶೆಯನ್ನು ನೆಲದ ಮೇಲೆ ಹಾಸಿದೆವು. ಮುಂಡಕೈಯ ನೀರು ಪಡುವಣಕ್ಕೆ ಇಳಿದು ಚಾಲಿಯಾರ್ ಹೊಳೆಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ನಮ್ಮ ಕಬಿನಿ ಕೇರಳದಲ್ಲಿ ಮೂಡಣಕ್ಕೆ ಹರಿಯುವ ಮೂರು ನದಿಗಳಲ್ಲಿ ಒಂದು. ಬೀಚನಹಳ್ಳಿಯ ಅಣೆಕಟ್ಟನ್ನು ಹಾದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿ ಬಂಗಾಳ ಕೊಲ್ಲಿಯ ಕಡೆಗೆ ಸಾಗುತ್ತದೆ. ಹುಡುಗಿ ಎರಡು ಹೊಳೆಗಳ ಮೇಲೂ ಬೆರಳಾಡಿಸಿ, ಅವು ಎಲ್ಲಿಯೂ ಕೂಡುವುದಿಲ್ಲವೆಂಬುದನ್ನು ತಾನೇ ನೋಡಿದಳು.

ನಾಲ್ಕನೆಯ ವಾರ, ಬಿದ್ದ ನೀರು ಏನಾಗುತ್ತದೆಂಬ ಪಾಠ. ಅಲಾಸ್ಕಾದ ಬೆಟ್ಟದಲ್ಲಿ ಹಿಮದ ಮೇಲೆ ಹಿಮ ಬಿದ್ದು, ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ಗಟ್ಟಿ ನೀರ್ಗಲ್ಲಾಗಿ, ಬಹು ನಿಧಾನವಾಗಿ ಕಣಿವೆಯಲ್ಲಿ ಜಾರುತ್ತದೆ. ಅದೇ ಹಿಮನದಿ. ಅಲ್ಲಿ ನೀರನ್ನು ಕೂಡಿಡುವ ಕಣಜ ಚಳಿ. ನಮ್ಮ ಬೆಟ್ಟಗಳಲ್ಲಿ ಆ ಕೆಲಸವನ್ನು ಮಾಡಬೇಕಾದವು ಕಾಡಿನ ಮಣ್ಣು, ತಗ್ಗಿನ ಗದ್ದೆಗಳು. ಗದ್ದೆ ಬತ್ತಕ್ಕೆ ಮಾತ್ರವೆಂದು ತಿಳಿಯುವುದು ತಪ್ಪು. ಬದುವಿನೊಳಗೆ ನಿಂತ ನೀರು ನೆಲಕ್ಕೆ ಇಳಿದು ಬೇಸಗೆಯ ಬಾವಿಗೆ ಬರುತ್ತದೆ. ಗದ್ದೆ ಮುಚ್ಚಿದ ಊರಿನ ಬಾವಿ ಬೇಗನೆ ಬತ್ತುತ್ತದೆ.

ಬೆಟ್ಟ ಏಕೆ ಕುಸಿಯುತ್ತದೆಂಬುದನ್ನೂ ಅಂದೇ ಹೇಳಿದೆವು, ಮರೆಮಾಚಲಿಲ್ಲ. ಬಂಡೆಯ ಇಳಿಜಾರಿನ ಮೇಲೆ ದಪ್ಪನೆಯ ಮಣ್ಣು ಕುಳಿತಿರುತ್ತದೆ. ಮಳೆಯ ನೀರು ಮಣ್ಣಿನ ಸಂದುಗಳನ್ನೆಲ್ಲ ತುಂಬಿದಾಗ ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ಸಡಿಲುತ್ತದೆ, ಒಂದು ಹಂತದಲ್ಲಿ ಇಡೀ ಇಳಿಜಾರು ಜಾರುತ್ತದೆ. ನೆಲದಲ್ಲಿ ಹೊಸ ಬಿರುಕು, ಓರೆಯಾಗುವ ಮರ, ಇದ್ದಕ್ಕಿದ್ದಂತೆ ಕೆಂಪಾಗುವ ತೊರೆಯ ನೀರು, ಇಲ್ಲದ ಕಡೆ ಉಕ್ಕುವ ಊಟೆ, ಇವು ಮುನ್ಸೂಚನೆಗಳು. ಕಂಡವರು ವಸ್ತುಗಳನ್ನು ಅರಸದೆ ಜಾಗ ಬಿಡಬೇಕು. ಫೇರ್‌ವೆದರ್ ಬೆಟ್ಟದ ಸಮೀಪದ ಲಿಟುಯಾ ಕೊಲ್ಲಿಯಲ್ಲಿ ೧೯೫೮ರ ಜುಲೈ ೯ರ ರಾತ್ರಿ ಭೂಕಂಪವಾಗಿ ಬೆಟ್ಟದ ಬಂಡೆಗಳು ನೀರಿಗೆ ಬಿದ್ದಾಗ ಎದ್ದ ಅಲೆ, ಎದುರು ಇಳಿಜಾರಿನ ಮೇಲೆ ೫೨೪ ಮೀಟರ್ ಎತ್ತರದವರೆಗೂ ಮರಗಳನ್ನು ಕಿತ್ತೆಸೆಯಿತು. ಅಲ್ಲಿ ಭೂಕಂಪ, ಇಲ್ಲಿ ಮಳೆ. ಬೆಟ್ಟ ಯಾರ ಮೇಲೂ ಮುನಿದು ಬೀಳುವುದಿಲ್ಲ. ಯಾರ ಪಾಪಕ್ಕೂ ಬೀಳುವುದಿಲ್ಲ. ಈ ಮಾತನ್ನು ನಾವು ಆ ಹುಡುಗಿಯ ಕಡೆ ನೋಡದೆ ಹೇಳಿದೆವು. ಅವಳು ಎದ್ದು ಹೋಗಲಿಲ್ಲ.

ಕೊನೆಗೆ ಮಳೆ ಅಳೆಯುವ ಕೆಲಸ. ನೇರ ಗೋಡೆಯ ಒಂದು ಡಬ್ಬಿ, ಒಂದು ಅಡಿಪಟ್ಟಿ, ಒಂದು ನೋಟ್‌ಪುಸ್ತಕ. ಡಬ್ಬಿಯಲ್ಲಿ ನಿಂತ ನೀರು ಎಷ್ಟು ಮಿಲಿಮೀಟರೋ ಅಷ್ಟು ಮಳೆ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ೫೦೦ ಮಿಲಿಮೀಟರ್ ಬಿದ್ದರೆ ಒಂದು ಸೆಂಟು ನೆಲದ ಮೇಲೆ ಇಪ್ಪತ್ತು ಸಾವಿರ ಲೀಟರ್, ಒಂದು ಎಕರೆಗೆ ಇಪ್ಪತ್ತು ಲಕ್ಷ ಲೀಟರ್. ಲೆಕ್ಕ ಹಾಕಿದ ಮಕ್ಕಳು ಗರಬಡಿದಂತೆ ಕುಳಿತರು. ನಮ್ಮ ಜಿಲ್ಲೆಯಲ್ಲಿ ಕಲ್ಪೆಟ್ಟದ ಹ್ಯೂಮ್ ಪರಿಸರ ಕೇಂದ್ರದವರು ಊರೂರಿನ ಜನರ ನೆರವಿನಿಂದ ಇನ್ನೂರಕ್ಕೂ ಹೆಚ್ಚು ಕಡೆಗಳ ಮಳೆಯ ಅಳತೆಯನ್ನು ಸೇರಿಸುತ್ತ ಬಂದಿದ್ದಾರೆ. ಒಂದು ಬೆಟ್ಟಕ್ಕೆ ಎಷ್ಟು ಮಳೆ ಬಿತ್ತೆಂದು ತಿಳಿದರೆ ತಾನೇ ಅಲ್ಲಿಂದ ಯಾವಾಗ ಇಳಿಯಬೇಕೆಂದು ಹೇಳಲು ಸಾಧ್ಯ?

ಡಬ್ಬಿಯ ಹೊಣೆ ಯಾರದೆಂದು ಕೇಳಿದಾಗ ಕೈ ಎತ್ತಿದವಳು ಆ ಹುಡುಗಿ. ಮರುದಿನದಿಂದ ಬೆಳಗ್ಗೆ ಎಂಟೂವರೆಗೆ ಅಡಿಪಟ್ಟಿ ಹಿಡಿದು ಅಂಗಳದಲ್ಲಿ ನಿಲ್ಲುತ್ತಿದ್ದಳು. ೧೮, ೭, ೦, ೩೧ ಎಂದು ಅಂಕಿಗಳು ಪುಸ್ತಕದಲ್ಲಿ ಸಾಲುಗಟ್ಟಿದವು. ಜೋರು ಮಳೆಯಾದರೆ ಕಿಟಕಿ ಮುಚ್ಚುವುದನ್ನು ಅವಳು ಬಿಟ್ಟಿಲ್ಲ. ಮುಚ್ಚುವ ಮುನ್ನ ಡಬ್ಬಿ ಬಿದ್ದಿಲ್ಲವಷ್ಟೇ ಎಂದು ನೋಡುತ್ತಾಳೆ. ಅವಳ ಅಜ್ಜಿ ಸಂತೆಯಲ್ಲಿ ಸಿಕ್ಕಾಗ, "ಈಗ ನನಗೂ ಆರಿದ್ರೆ ಮಳೆ ಎಷ್ಟು ಬಿತ್ತು, ಪುಷ್ಯ ಎಷ್ಟು ಬಿತ್ತು ಅಂತ ಲೆಕ್ಕ ಕೊಡ್ತಾಳೆ ಮೇಷ್ಟ್ರೇ" ಎಂದರು. ರಾತ್ರಿ ಏಳುವುದು ಪೂರಾ ನಿಂತಿಲ್ಲವೆಂದೂ ಹೇಳಿದರು.

ಮಳೆ ನಕ್ಷತ್ರಗಳ ಹೆಸರುಗಳನ್ನು ಅಜ್ಜಿಯಿಂದ ಕೇಳಿ ಬರೆದುಕೊಂಡು ಬರಲು ಮಕ್ಕಳಿಗೆ ಹೇಳಿದ್ದೇವೆ. ನಮ್ಮ ನೋಟ್‌ಪುಸ್ತಕದಲ್ಲಿ ಈಗ ತಾರೀಕಿನ ಪಕ್ಕದಲ್ಲಿ ಮಳೆಯ ಹೆಸರೂ ಇದೆ. ಹೊಳೆಯ ಆ ದಡದಲ್ಲಿ, ಕಾಸರಗೋಡಿನಲ್ಲಿ, ನೀಲಗಿರಿಯಲ್ಲಿ, ಎಲ್ಲಿಯೇ ಇರಲಿ, ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಒಂದು ಡಬ್ಬಿಗೆ ಬರವಿರಲಾರದು. ಮಕ್ಕಳ ಕೈಯಲ್ಲಿ ಅದನ್ನು ಅಂಗಳದಲ್ಲಿ ಇಡಿಸಿರಿ. ಮರದ ಅಡಿಯಲ್ಲಿ, ಸೂರಿನ ಕೆಳಗೆ ಬೇಡ. ಒಂದು ವರ್ಷದ ಅಂಕಿಗಳನ್ನು ಕೂಡಿಸಿದರೆ ನಿಮ್ಮ ಮನೆ ಬೆಟ್ಟದ ಯಾವ ಮಗ್ಗುಲಿನಲ್ಲಿದೆಯೆಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ.